ಅರವತ್ತು ಸೆಂಟಿಮೀಟರ್ ಹಿಮ

ಜನವರಿ ಹನ್ನೊಂದರ ಬೆಳಿಗ್ಗೆ ನೋರ್ಝೋಮ್ ನಾಲ್ಕನೆಯ ಹಸಿರುಮನೆಯ ಬಾಗಿಲು ಎಳೆದಾಗ ಒಳಗಿನಿಂದ ದಟ್ಟ ಉಗಿ ಮುಖಕ್ಕೆ ಬಡಿಯಿತು. ಹೊರಗೆ ಮೈನಸ್ ಮೂವತ್ತೊಂದು ಡಿಗ್ರಿ. ಒಳಗೆ ಬೇಸಿಗೆಯ ನಡುಹಗಲಿಗಿಂತ ಹೆಚ್ಚಿನ ಸೆಕೆ. ಅವಳ ಕನ್ನಡಕದ ಮೇಲೆ ಕುಳಿತ ಹನಿಗಳು ಅಲ್ಲೇ ಮಂಜುಗಡ್ಡೆಯಾದವು. ಅದನ್ನು ಕಿತ್ತು ಜೇಬಿಗೆ ತುರುಕಿ ಒಳಗೆ ನುಗ್ಗಿದಳು. ಪಾಲಕ್ ಮಡಿಗಳು ಬೇಯಿಸಿ ಹರವಿದ ಸೊಪ್ಪಿನಂತೆ ನೆಲಕ್ಕೆ ಅಂಟಿದ್ದವು. ಮೂಲಂಗಿಯ ಎಲೆಗಳು ಕಪ್ಪಾಗಿದ್ದವು. ಉತ್ತರದ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು.

ಹಸಿರುಮನೆಯ ಒಡತಿ ಅಜ್ಜಿ ಸ್ಪಲ್ಝೆಸ್ ಹೊಸ್ತಿಲಲ್ಲೇ ನಿಂತಿದ್ದಳು. ನೋರ್ಝೋಮ್ ಬಾಡಿಗೆಗಿದ್ದದ್ದೂ ಅವಳ ಮನೆಯಲ್ಲೇ. ಅಲ್ಲಿ ಅಜ್ಜಿಗೆ ಅಬಿ ಎನ್ನುತ್ತಾರೆ, ಮರ್ಯಾದೆಗೆ ಹೆಸರಿನ ಕೊನೆಗೆ ಲೇ ಸೇರಿಸುತ್ತಾರೆ.

"ಏನಾಯ್ತು, ನೋರ್ಝೋಮ್-ಲೇ?"

"ಉಳಿದಿದ್ದ ಹದಿಮೂರು ಉಪ್ಪಿನ ಪೀಪಾಯಿಗಳೂ ಒಟ್ಟಿಗೇ ಎದ್ದು ಬಿಸಿಯಾಗಿಬಿಟ್ಟಿವೆ, ಅಬಿ-ಲೇ."

ಅಜ್ಜಿ ಒಳಗೆ ಬಂದಳು. ಬಾಗಿ ಒಂದು ಪಾಲಕ್ ಗಿಡವನ್ನು ಎತ್ತಿದಳು. ಅದು ಬೇರುಸಹಿತ ಮೆತ್ತಗೆ ಕೈಗೆ ಬಂತು.

ತಾಂಗ್‌ಮಾ ಹನ್ನೊಂದು ಮನೆ, ಆರು ಹಸಿರುಮನೆಗಳ ಊರು. ಝನ್ಸ್ಕಾರ್ ಕಣಿವೆಯ ಮೇಲ್ಗಡೆ, ಸಮುದ್ರಮಟ್ಟದಿಂದ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿದೆ. ನವೆಂಬರ್‌ನಲ್ಲಿ ಮುಚ್ಚಿದ ದಾರಿ ತೆರೆಯುವುದು ಏಪ್ರಿಲ್‌ಗೆ. ಮೊದಲೆಲ್ಲ ಆ ಐದು ತಿಂಗಳು ಬಾರ್ಲಿ ಹಿಟ್ಟು, ಒಣಮಾಂಸ, ಒಣಗಿಸಿದ ಟರ್ನಿಪ್ ಇಷ್ಟರಲ್ಲೇ ಕಳೆಯಬೇಕಿತ್ತು. ಫೆಬ್ರವರಿ ಬಂತೆಂದರೆ ಜನರ ವಸಡಿನಲ್ಲಿ ರಕ್ತ ಒಸರುತ್ತಿತ್ತು, ಬಸುರಿಯರ ತುಟಿ ಬಿಳುಚಿಕೊಳ್ಳುತ್ತಿತ್ತು. ಎಂಟು ವರ್ಷದ ಹಿಂದೆ ಉಪ್ಪಿನ ಪೀಪಾಯಿಗಳು ಬಂದ ಮೇಲೆ ಆ ಕಷ್ಟ ತಪ್ಪಿತ್ತು.

ಪೀಪಾಯಿಯೊಳಗಿನದು ಅಡುಗೆಯ ಉಪ್ಪಲ್ಲ, ಬೇರೆ ಒಂದು ಲವಣ. ಬೇಸಿಗೆಯಲ್ಲಿ ಕನ್ನಡಿಗಳಿಂದ ಬಿಸಿಲನ್ನು ಅದರ ಮೇಲೆ ಬೀಳಿಸಿದರೆ ಕರಗಿ ತಿಳಿನೀರಿನಂತಾಗುತ್ತದೆ. ಆಮೇಲೆ ಎಷ್ಟು ತಣ್ಣಗಾದರೂ ಗಟ್ಟಿಯಾಗುವುದಿಲ್ಲ. ಕರಗುವಾಗ ಹೀರಿದ ಬಿಸಿಲನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು ಮಲಗಿರುತ್ತದೆ. ಅದರೊಳಗೆ ಸಾಸಿವೆಕಾಳಿನಷ್ಟು ಹರಳು ಬಿದ್ದರೆ ಸಾಕು, ಕೆಲವೇ ನಿಮಿಷಗಳಲ್ಲಿ ಇಡೀ ಪೀಪಾಯಿ ಬೆಳ್ಳಗೆ ಕಲ್ಲಾಗಿ, ಐವತ್ತೆಂಟು ಡಿಗ್ರಿಗೆ ಏರಿ, ಐದು ದಿನ ಬಿಸಿ ಕೊಡುತ್ತದೆ. ಒಂದೊಂದು ಹಸಿರುಮನೆಯ ಉತ್ತರದ ಗೋಡೆಗೆ ಒತ್ತಿ ಹಾಕಿದ ಮಣ್ಣಿನ ದಿಬ್ಬದಲ್ಲಿ ಇಂಥ ಇಪ್ಪತ್ತನಾಲ್ಕು ಪೀಪಾಯಿಗಳನ್ನು ಹುಗಿದಿದ್ದರು. ಹರಳು ಬೀಳಿಸುವ ಕೊಂಡಿಯ ಬೀಗ ಮಾತ್ರ ಊರಿನವರ ಕೈಯಲ್ಲಿರಲಿಲ್ಲ. ಮೊದಲ ವರ್ಷ ಜನ ಚಳಿ ತಡೆಯಲಾರದೆ ಜನವರಿಯೊಳಗೇ ಎಲ್ಲವನ್ನೂ ಮುಗಿಸಿದ್ದರಿಂದ, ಆಮೇಲೆ ಕಾರ್ಗಿಲ್‌ನ ನಿಯಂತ್ರಣ ಕೊಠಡಿಯೇ ಯಾವ ಪೀಪಾಯಿ ಯಾವತ್ತು ಎಂದು ತೀರ್ಮಾನಿಸಿ ಬೀಗದ ಸಂಖ್ಯೆ ಕೊಡುತ್ತಿತ್ತು.

ಒಂದು ಅಪಾಯ ಎಲ್ಲರಿಗೂ ಗೊತ್ತಿತ್ತು. ಮೈನಸ್ ಹದಿನೇಳಕ್ಕೆ ಇಳಿದರೆ ಉಪ್ಪು ಹರಳಿಗೂ ಕಾಯುವುದಿಲ್ಲ, ತಾನಾಗಿ ಎದ್ದುಬಿಡುತ್ತದೆ. ಆದರೆ ದಿಬ್ಬದ ಒಳಗೆ ಅಷ್ಟು ಚಳಿ ಎಂದೂ ಇಳಿದಿರಲಿಲ್ಲ.

ನೋರ್ಝೋಮ್ ಚೂಪಾದ ಮರದ ಗೂಟವನ್ನು ಮೆಲ್ಲಗೆ ತಿರುವುತ್ತ ಐದನೆಯ ಹಸಿರುಮನೆಯ ದಿಬ್ಬದಲ್ಲಿ ತೂತು ಕೊರೆದು ಮೂರು ಥರ್ಮಾಮೀಟರ್ ಇಳಿಸಿದಳು. ಆಮೇಲೆ ಉಪಗ್ರಹದ ಫೋನ್ ಹಚ್ಚಿದಳು.

ಕಾರ್ಗಿಲ್‌ನಲ್ಲಿ ಆ ಪಾಳಿಯಲ್ಲಿದ್ದವನು ಫಕ್ಕೀರೇಶ. ಶಿಗ್ಗಾಂವಿಯವನು. ನೋರ್ಝೋಮ್ ಹುಟ್ಟಿ ಬೆಳೆದದ್ದು ಅಲ್ಲಿಗೆ ಹತ್ತಿರದ ಮುಂಡಗೋಡದ ಟಿಬೆಟನ್ ಶಿಬಿರದಲ್ಲಿ. ತೋಟಗಾರಿಕೆ ಓದಿ, ಹಸಿರುಮನೆಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಇಲ್ಲಿಗೆ ಬಂದು ಆರು ವರ್ಷವಾಗಿತ್ತು. ಇಬ್ಬರೂ ಮುಖಾಮುಖಿ ಭೇಟಿಯಾದದ್ದು ಒಂದೇ ಸಲ. ಆದರೂ ಫೋನಿನಲ್ಲಿ ಊರ ಕನ್ನಡವೇ.

"ಏನ್ರಿ ಅಕ್ಕಾರ, ಇಷ್ಟ ಲಗೂನ ಫೋನು?"

"ನಾಕನೇದು ಹೋತು ತಮ್ಮಾ. ಎಲ್ಲಾ ಪೀಪಾಯಿ ಒಮ್ಮೆಲೆ ಎದ್ದಾವ."

"ಅದು ಹ್ಯಾಂಗ್ ಆಕ್ಕೈತ್ರಿ? ಇಲ್ಲಿ ಸ್ಕ್ರೀನಿನ ಮ್ಯಾಲೆ ದಿಬ್ಬದ ಒಳಗ ಮೈನಸ್ ಆರು ತೋರಸಾಕತ್ತೈತಿ."

"ನಾ ಈಗ ಐದನೇದರ ದಿಬ್ಬ ಕೊರದು ನೋಡೀನಿ. ಮೈನಸ್ ಹದಿನಾಕು ಐತಿ."

"ನಿಮ್ಮ ಥರ್ಮಾಮೀಟರ್ ಕೆಟ್ಟಿರಬೇಕ್ರಿ."

"ಮೂರು ಥರ್ಮಾಮೀಟರ್ ಇಳಿಸೀನಿ. ಮೂರೂ ಒಮ್ಮೆಲೆ ಕೆಡ್ತಾವೇನು?"

ಆ ಕಡೆ ಕೀಲಿಮಣೆಯ ಸದ್ದು ಕೇಳಿಸಿತು. ಪೀಪಾಯಿಯೊಳಗೆ ಲೋಹದ ಕಡ್ಡಿ ಇಳಿಸಿದರೆ ಉಪ್ಪು ಎಚ್ಚರವಾಗುವ ಭಯವಿದ್ದುದರಿಂದ ಅವುಗಳಲ್ಲಿ ಉಷ್ಣಮಾಪಕಗಳಿರಲಿಲ್ಲ. ಹೊರಗಿನ ಚಳಿ, ಮಣ್ಣಿನ ದಪ್ಪ, ಮೇಲಿನ ಹಿಮದ ಹೊದಿಕೆ, ಈ ಮೂರನ್ನು ಹಿಡಿದು ಒಳಗಿನ ಚಳಿಯನ್ನು ಕಂಪ್ಯೂಟರೇ ಲೆಕ್ಕ ಹಾಕುತ್ತಿತ್ತು.

"ಅಕ್ಕಾರ, ದಿಬ್ಬದ ಮ್ಯಾಲೆ ಹಿಮಾ ಎಷ್ಟೈತ್ರಿ?"

"ಹಿಮಾ ಎಲ್ಲೈತೋ? ಬರೇ ಮಣ್ಣು, ಕಲ್ಲು. ಈ ಸಲ ಬಿದ್ದಿದ್ದ ಎರಡು ಸಲ. ಅದೂ ಗಾಳಿಗಿ ಹಾರಿಹೋತು."

ಕೀಲಿಮಣೆಯ ಸದ್ದು ನಿಂತಿತು. ನಂತರ ಫಕ್ಕೀರೇಶ ಸಣ್ಣ ದನಿಯಲ್ಲಿ, "ಸ್ವಲ್ಪ ಹೊತ್ತು ಬಿಟ್ಟು ಮಾತಾಡ್ತೀನ್ರಿ" ಎಂದು ಫೋನ್ ಇಟ್ಟುಬಿಟ್ಟ.

ಹಿಮದ ಹೊದಿಕೆ ಎಂಬ ಸಾಲಿನ ಮುಂದೆ ಅವನ ಸ್ಕ್ರೀನಿನಲ್ಲಿ ಅರವತ್ತು ಸೆಂಟಿಮೀಟರ್ ಎಂದಿತ್ತು. ಅದನ್ನು ಬರೆದವನು ಅವನೇ. ತಾಂಗ್‌ಮಾದ ಹಿಮಮಾಪಕ ಸೆಪ್ಟೆಂಬರ್‌ನ ಬಿರುಗಾಳಿಗೆ ಮುರಿದಿತ್ತು. ಆ ಸಾಲು ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುತ್ತಿರಲಿಲ್ಲ. ನವೆಂಬರ್‌ನ ಒಂದು ಸಂಜೆ, ಮೂವತ್ತೊಂದು ಊರುಗಳ ಕೆಲಸದ ನಡುವೆ, ಹಳೆಯ ವರ್ಷಗಳ ಸರಾಸರಿಯನ್ನು ಹಾಕಿ, ಮುಂದಿನ ವಾರ ಕೇಳಿ ತಿದ್ದಿದರಾಯಿತು ಎಂದುಕೊಂಡಿದ್ದ. ಮುಂದಿನ ವಾರ ಬೇರೆ ಏನೋ ಬಂತು. ಮರೆತುಹೋಯಿತು.

ಮಧ್ಯಾಹ್ನ ಊಟಕ್ಕೆ ಕ್ವಾರ್ಟರ್ಸಿಗೆ ಹೋದವನು ತಟ್ಟೆಯ ಮುಂದೆ ಸುಮ್ಮನೆ ಕೂತ. ಹೆಂಡತಿ ನೀಲಗಂಗಾ ಎರಡನೆಯ ರೊಟ್ಟಿ ತಂದಾಗ ಮೊದಲನೆಯದು ಹಾಗೇ ಇತ್ತು.

"ತಾಟಿನ ಮುಂದ ಕುಂತು ಏನ್ ನೋಡಾಕತ್ತೀರಿ?"

ಅವನು ಹೇಳಿದ. ಅರ್ಧ ಹೇಳುವಷ್ಟರಲ್ಲಿ ಅವಳು ಕೂತುಬಿಟ್ಟಳು.

"ಸಾಹೇಬರಿಗೆ ಹೇಳೀರೇನು?"

"ಇಲ್ಲ. ಹಿಮಮಾಪಕ ಕೆಟ್ಟೈತಿ ಅಂತಷ್ಟ ಹೇಳೀನಿ. ಥರ್ಮಾಮೀಟರ್ ನಂಬಬ್ಯಾಡ, ಲೆಕ್ಕಾ ನಂಬು ಅಂದ್ರು."

"ನೀವು ಬರದಿದ್ದ ಲೆಕ್ಕಾ ಅಲ್ಲೇನು ಅದು? ನಂಬೂದು ಬ್ಯಾಡ ಅಂತ ನೀವಲ್ದ ಮತ್ಯಾರು ಹೇಳಬೇಕು?"

"ಹೇಳಿದ್ರ ನೌಕರಿ ಹೋಕ್ಕೈತಿ, ನೀಲಾ."

ಅವಳು ತಟ್ಟೆಯನ್ನು ಅವನ ಮುಂದಿನಿಂದ ಎತ್ತಿಕೊಂಡಳು. ಸಿಟ್ಟಿನಿಂದಲ್ಲ. ಅವನು ಉಣ್ಣುವುದಿಲ್ಲವೆಂದು ಅವಳಿಗೆ ಗೊತ್ತಾಗಿತ್ತು. "ಹೋದ್ರ ಇನ್ನೊಂದ್ ನೋಡೋಣು. ಎದ್ದ ಹೋಗ್ರಿ ಮೊದಲ."

ಅವನು ಹೋಗಿ ತಪ್ಪು ಒಪ್ಪಿಕೊಂಡಾಗ ನಿರ್ದೇಶಕ ಮೆಹ್ರೋತ್ರಾ ಕೂಗಾಡಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅರವತ್ತರ ಜಾಗದಲ್ಲಿ ಸೊನ್ನೆ ಹಾಕಿ ಮತ್ತೆ ಲೆಕ್ಕ ಓಡಿಸಿದಾಗ ಉತ್ತರ ಮೈನಸ್ ಹದಿನಾಲ್ಕೂವರೆ ಬಂತು. ದಿನಕ್ಕೆ ಒಂದೊಂದು ಡಿಗ್ರಿ ಇಳಿಯುತ್ತಿತ್ತು. ಈ ಚಳಿ ಇನ್ನೂ ಐದು ದಿನವಿರುತ್ತದೆ ಎಂದು ಹವಾಮಾನದವರು ಹೇಳಿದ್ದರು. ಮೂರನೆಯ ದಿನಕ್ಕೆ ಇಡೀ ಊರಿನ ಪೀಪಾಯಿಗಳು ಎದ್ದು, ಬೆಳೆಯನ್ನು ಬೇಯಿಸಿ, ನಂತರ ಎರಡು ತಿಂಗಳು ತಣ್ಣಗಾಗಿಬಿಡುವುದಿತ್ತು.

ಫೋನಿನಲ್ಲಿ ನೋರ್ಝೋಮ್ ಒಂದು ದಾರಿ ಹೇಳಿದಳು. ಪ್ರತಿ ದಿಬ್ಬದ ನಡುವಿನ ಒಂದು ಪೀಪಾಯಿಯನ್ನು ಈಗಲೇ ಎಬ್ಬಿಸಿದರೆ ಅದರ ಬಿಸಿ ಅಕ್ಕಪಕ್ಕದವುಗಳನ್ನು ಕಾಯುತ್ತದೆ. ಆ ಬಿಸಿ ಹಾರಿಹೋಗದಂತೆ ಮೇಲೆ ಹಿಮ ಹೊದಿಸಬೇಕು. ಹಿಮ ಹಳ್ಳದ ಕೊರಕಲಿನಲ್ಲಿ ಬೇಕಾದಷ್ಟಿದೆ.

"ಎಬ್ಬಿಸುವಾಗಿನ ಅದುರಿಗೆ ಪಕ್ಕದವೂ ಎದ್ದರೆ?" ಎಂದರು ಮೆಹ್ರೋತ್ರಾ. "ಇಷ್ಟು ಚಳಿಯಲ್ಲಿ ಯಾರೂ ಇದನ್ನು ಮಾಡಿ ನೋಡಿಲ್ಲ. ದೆಹಲಿಯ ಸಮಿತಿಯನ್ನು ಕೇಳುತ್ತೇನೆ. ಅಲ್ಲಿಯವರೆಗೆ ಒಂದು ಬೀಗವನ್ನೂ ತೆರೆಯಬಾರದು."

"ಸಮಿತಿ ಯಾವಾಗ ಸೇರುತ್ತೆ, ಸರ್?" ನೋರ್ಝೋಮ್ ಕೇಳಿದಳು.

"ನಾಡಿದ್ದು."

ಆ ಸಂಜೆ ತಾಂಗ್‌ಮಾದವರು ಸ್ಪಲ್ಝೆಸ್ ಅಜ್ಜಿಯ ಅಡುಗೆಮನೆಯಲ್ಲಿ ಒಲೆಯ ಸುತ್ತ ಸೇರಿದರು. ಅಜ್ಜಿಯ ಸೊಸೆ ಕುನ್‌ಝೆಸ್ ಏಳು ತಿಂಗಳ ಬಸುರಿ. ಗೋಡೆಗೊರಗಿ ಕೂತಿದ್ದವಳ ಮುಖ ಒಲೆಯ ಬೆಳಕಿನಲ್ಲೂ ಬಿಳುಚಿಕೊಂಡಿತ್ತು. ಅವಳ ರಕ್ತ ತೀರ ತೆಳುವಾಗಿದೆ, ದಿನವೂ ಸೊಪ್ಪು ತಿನ್ನಲೇಬೇಕು ಎಂದು ಊರಿನ ದಾದಿ ಹೇಳಿದ್ದಳು. ಮಾತ್ರೆಗಳು ಮುಗಿದು ವಾರವಾಗಿತ್ತು.

ನೋರ್ಝೋಮ್ ಎಲ್ಲವನ್ನೂ ವಿವರಿಸಿದಳು. ಐದನೆಯ ಹಸಿರುಮನೆಯ ಸ್ತೋಬ್ದಾನ್ ತಲೆಯಾಡಿಸಿದ.

"ಹಿಮ ಹೊರೋಣ, ಸರಿ. ಆದರೆ ನನ್ನ ದಿಬ್ಬದಲ್ಲಿ ಒಂದನ್ನೂ ಎಬ್ಬಿಸಬೇಡಿ. ಒಂದು ಎಬ್ಬಿಸಲು ಹೋಗಿ ಹದಿಮೂರೂ ಎದ್ದರೆ? ಅಬಿ-ಲೇ ಅವರ ಪಾಲಕ್ ನೋಡಿದೆನಲ್ಲ."

"ಸುಮ್ಮನಿದ್ದರೂ ಏಳುತ್ತವೆ, ಅಣ್ಣಾ."

"ಅದು ನಿಮ್ಮ ಲೆಕ್ಕ. ಇವತ್ತು ಬೆಳಿಗ್ಗೆವರೆಗೆ ನಿಮ್ಮ ಲೆಕ್ಕ ಮೈನಸ್ ಆರು ಅಂತಿತ್ತಲ್ಲ?"

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಮರುದಿನ ಬೆಳಕು ಹರಿದಾಗ ಮೊದಲು ಹೊರಟವಳು ಸ್ಪಲ್ಝೆಸ್. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು, ಅರವತ್ತೆಂಟರ ವಯಸ್ಸಿನಲ್ಲಿ, ಕೊರಕಲಿನ ಕಡೆಗೆ ಬಾಗಿ ನಡೆದಳು. ಕೊರಕಲು ಊರಿಂದ ಅರ್ಧ ಗಂಟೆ ದೂರ. ಬಿಸಿಲು ಬೀಳದ ಜಾಗವಾದ್ದರಿಂದ ಹಿಮ ಅಲ್ಲಿ ಉಳಿದಿತ್ತು. ಆದರೆ ಮೇಲಿನ ಬಂಡೆಯ ಅಂಚಿನಿಂದ ದೊಡ್ಡ ಹಿಮದ ರಾಶಿ ಹೊರಕ್ಕೆ ಚಾಚಿಕೊಂಡಿತ್ತು. ಅದರ ಕೆಳಗೇ ನಿಂತು ತುಂಬಬೇಕು. ಯಾರೂ ಜೋರಾಗಿ ಮಾತಾಡಲಿಲ್ಲ. ಸಲಿಕೆಯನ್ನು ನೆಲಕ್ಕೆ ಬಡಿಯದೆ ಮೆಲ್ಲಗೆ ಒತ್ತಿ ಎತ್ತಿದರು. ಒಬ್ಬರು ಮೇಲೆ ನೋಡುತ್ತ ನಿಲ್ಲುವುದು, ಉಳಿದವರು ತುಂಬುವುದು.

ಅಜ್ಜಿ ಮೊದಲ ಬುಟ್ಟಿಯನ್ನು ಸ್ತೋಬ್ದಾನನ ದಿಬ್ಬದ ಮೇಲೆ ಸುರಿದಳು.

ಅವನು ಓಡಿಬಂದ. "ಅಬಿ-ಲೇ, ನಿಮ್ಮ ಹಸಿರುಮನೆಯೇ ಹೋಯ್ತು. ನನಗ್ಯಾಕೆ ಹೊರುತ್ತೀರಿ?"

"ನಿನಗಲ್ಲ ಮಾರಾಯ. ನನ್ನ ಸೊಸೆಗೆ ಇನ್ನು ಸೊಪ್ಪು ಬರಬೇಕಾದ್ದು ನಿನ್ನ ಮನೆಯಿಂದಲೇ. ಕೊಡಲ್ಲ ಅನ್ನೋದಾದರೆ ಈಗಲೇ ಹೇಳು, ಬೇರೆಯವರ ದಿಬ್ಬಕ್ಕೆ ಸುರಿಯುತ್ತೇನೆ."

ಅವನು ಒಳಗೆ ಹೋಗಿ ತನ್ನ ಬುಟ್ಟಿ ತಂದ.

ಮಧ್ಯಾಹ್ನ ಒಂದು ಗಂಟೆಗೆ ಕೊರಕಲಿನಿಂದ ಮರಳುತ್ತಿದ್ದವರು ಒಟ್ಟಿಗೇ ನಿಂತರು. ಊರಿನ ಕೆಳತುದಿಯ ಎರಡನೆಯ ಹಸಿರುಮನೆಯಿಂದ ಉಗಿ ನೇರ ಮೇಲಕ್ಕೆ ಏಳುತ್ತಿತ್ತು. ನಾಲ್ಕನೆಯದನ್ನು ಬಿಟ್ಟರೆ ಅದರ ಮಣ್ಣೇ ಎಲ್ಲಕ್ಕಿಂತ ತೆಳು. ಲೆಕ್ಕ ಹೇಳಿದ್ದಕ್ಕಿಂತ ಒಂದೂವರೆ ದಿನ ಮೊದಲೇ ಎದ್ದಿತ್ತು. ಓಡಿಹೋಗಿ ಬಾಗಿಲು ತೆರೆದು ಒಂದಿಷ್ಟು ಮೆಂತ್ಯ ಕಿತ್ತುಕೊಂಡರು. ಉಳಿದದ್ದು ಬೆಂದುಹೋಗಿತ್ತು.

ಸ್ತೋಬ್ದಾನ್ ಬುಟ್ಟಿ ಇಳಿಸದೆಯೇ ನೋರ್ಝೋಮ್ ಎದುರು ಬಂದು ನಿಂತ. ಅವನ ಮೀಸೆಯ ಮೇಲೆಲ್ಲ ಮಂಜುಗಡ್ಡೆ.

"ನನ್ನದರಲ್ಲಿ ಮೊದಲು ಮಾಡಿ," ಎಂದ. "ಹಾಳಾದರೆ ಒಂದೇ ಹಾಳಾಗಲಿ. ಸರಿಹೋದರೆ ಉಳಿದ ಮೂರಕ್ಕೆ ಮಾಡಿ."

ನೋರ್ಝೋಮ್ ಫೋನ್ ಹಚ್ಚಿದಳು. ಬ್ಯಾಟರಿ ಚಳಿಗೆ ಕುಗ್ಗಿ ಕೊನೆಯ ಗೆರೆ ಮಿನುಗುತ್ತಿತ್ತು.

"ತಮ್ಮಾ, ಎರಡನೇದೂ ಹೋತು. ಐದನೇದರಾಗ ಈಗ ಹದಿನಾರಕ್ಕ ಬಂದೈತಿ. ಬೀಗದ ಸಂಖ್ಯೆ ಕೊಡು."

"ಸಮಿತಿ ನಾಳೆ ಕೂಡತೈತ್ರಿ ಅಕ್ಕಾರ..."

"ನಾಳೆಗೆ ಇಲ್ಲಿ ಏನೂ ಉಳಿಯೂದಿಲ್ಲ."

ನಿಯಂತ್ರಣ ಕೊಠಡಿಯಲ್ಲಿ ಇನ್ನಿಬ್ಬರು ತಲೆಯೆತ್ತಿ ಫಕ್ಕೀರೇಶನ ಕಡೆ ನೋಡುತ್ತಿದ್ದರು. ಗಾಜಿನ ಬಾಗಿಲಿನಾಚೆ ಮೆಹ್ರೋತ್ರಾ ಯಾರೊಂದಿಗೋ ಫೋನಿನಲ್ಲಿದ್ದರು. ಫಕ್ಕೀರೇಶ ಅವರ ಬೆನ್ನನ್ನೇ ನೋಡುತ್ತ ಕೂತ. ನಂತರ ಮೈಕಿಗೆ ಬಾಯಿ ಹತ್ತಿರ ತಂದು, "ಬರಕೋರಿ" ಎಂದ. ಆರು ಅಂಕಿಗಳನ್ನು ಹೇಳಿದ. ಮತ್ತೊಮ್ಮೆ ಹೇಳಿದ. "ನಾಕೂ ಮನಿಗೆ ಇದ ನಡೀತೈತ್ರಿ. ಇದು ನನ್ನ ಹೆಸರಿನ ಮ್ಯಾಲೆ ಇರಲಿ. ನೀವು ಕೇಳಿದ್ರಿ ಅಂತ ಬರಿಯೂದಿಲ್ಲ, ನಾನ ಕೊಟ್ಟೆ ಅಂತ ಬರೀತೀನಿ."

ಸಂಪರ್ಕ ಕಡಿಯಿತು.

ದಿಬ್ಬದ ಮೇಲೆ ಹಿಮವನ್ನು ಪಕ್ಕಕ್ಕೆ ಸರಿಸಿ, ಮಣ್ಣಿನ ಮುಚ್ಚಳ ಎತ್ತಿ, ಉಳಿದ ಹದಿಮೂರರ ನಡುವಿನ ಏಳನೆಯ ಪೀಪಾಯಿಯ ಬೀಗಕ್ಕೆ ನೋರ್ಝೋಮ್ ಸಂಖ್ಯೆ ಒತ್ತಿದಳು. ಹಸಿರು ದೀಪ ಹತ್ತಿತು. ಕೊಂಡಿ ಕದಲಲಿಲ್ಲ. ಎರಡನೆಯ ಸಲ ಒತ್ತಿದಳು. ಒಳಗಿನ ಕೊಳವೆಯ ಬಾಯಿಗೆ ಮಂಜುಗಡ್ಡೆ ಕಟ್ಟಿ ಹರಳು ಅಲ್ಲೇ ಸಿಕ್ಕಿಕೊಂಡಿತ್ತು. ಸುತ್ತಿಗೆಯಿಂದ ಬಡಿಯುವಂತಿಲ್ಲ. ಆ ಅದುರಿಗೆ ಪಕ್ಕದವೆಲ್ಲ ಏಳಬಹುದು. ಬೆಂಕಿ ಹಿಡಿದರೆ ಹರಳು ಕರಗಿಹೋಗುತ್ತದೆ.

ಅವಳು ಕೈಗವಸು ಕಳಚಿ ಬರಿಗೈಯ ಎರಡು ಬೆರಳುಗಳನ್ನು ಲೋಹದ ಕೊಳವೆಯ ಸುತ್ತ ಒತ್ತಿ ಹಿಡಿದಳು. ಚರ್ಮ ಅಂಟಿಕೊಂಡಿತು. ಹಲ್ಲು ಕಚ್ಚಿ ಹಿಡಿದೇ ಇದ್ದಳು. ಸ್ತೋಬ್ದಾನ್ ಗಾಳಿಗೆ ಅಡ್ಡವಾಗಿ ನಿಂತ. ಸ್ಪಲ್ಝೆಸ್ ತನ್ನ ಕಂಬಳಿಯನ್ನು ಅವಳ ಕೈ ಮೇಲೆ ಹೊದಿಸಿ ಬಾಯಿಯಿಂದ ಬಿಸಿಯುಸಿರು ಊದಿದಳು. ಒಂದು ನಿಮಿಷ. ಎರಡು. ಬೆರಳಿನ ತುದಿಯಲ್ಲಿ ಏನೂ ಗೊತ್ತಾಗದಂತಾಯಿತು.

ಆಮೇಲೆ ಒಳಗೆ ಏನೋ ಜಾರಿದ ಸಣ್ಣ ಸದ್ದು. ಅದರ ಹಿಂದೆಯೇ ಮಣ್ಣಿನ ಅಡಿಯಿಂದ ಚಿರಚಿರ ಎಂಬ ಸದ್ದು ಹರಡುತ್ತ ಬಂತು.

"ಎದ್ದಿತು," ಎಂದಳು ನೋರ್ಝೋಮ್. "ಯಾರೂ ಅಲುಗಾಡಬೇಡಿ."

ಮೂವರೂ ದಿಬ್ಬದ ಮೇಲೆ ಬೋರಲು ಮಲಗಿ ಮಣ್ಣಿಗೆ ಕಿವಿಯಿಟ್ಟರು. ಆರನೆಯ ಪೀಪಾಯಿಯ ಮೇಲೆ ಸ್ತೋಬ್ದಾನ್ ಇದ್ದ. ಅವನ ಕಣ್ಣು ಅಗಲವಾದವು. "ಇದೂ ಶುರುವಾಯ್ತು," ಎಂದು ಪಿಸುಗುಟ್ಟಿದ. ನೋರ್ಝೋಮ್ ಕಣ್ಣು ಮುಚ್ಚಿಕೊಂಡಳು. ಸ್ತೋಬ್ದಾನ್ ಐದನೆಯ ಪೀಪಾಯಿಯತ್ತ ತೆವಳಿ ಕಿವಿ ಇಟ್ಟ. ಕಾದ. ಇನ್ನೂ ಕಾದ. ಎಂಟನೆಯದರ ಮೇಲಿದ್ದ ಅಜ್ಜಿ ತಲೆಯಾಡಿಸಿದಳು, ಇಲ್ಲ.

ಐದನೆಯದೂ ಏಳಲಿಲ್ಲ. ಒಂದರ ಜತೆಗೆ ಇನ್ನೊಂದು, ಅಷ್ಟೇ. ಸ್ತೋಬ್ದಾನ್ ಮಣ್ಣಿನ ಮೇಲೆ ಮುಖವಿಟ್ಟು ಜೋರಾಗಿ ಉಸಿರು ಬಿಟ್ಟ. ಆಮೇಲೆ ಎದ್ದು, ಹಿಮವನ್ನು ಕೈಯಿಂದಲೇ ಎಳೆದು ದಿಬ್ಬವನ್ನು ಮುಚ್ಚತೊಡಗಿದ.

ಕತ್ತಲಾಗುವ ಮೊದಲು ಉಳಿದ ಮೂರು ಹಸಿರುಮನೆಗಳಲ್ಲೂ ಒಂದೊಂದನ್ನು ಎಬ್ಬಿಸಿದರು. ಮರುದಿನವೂ ಹಿಮ ಹೊತ್ತರು. ಅದರ ಮಾರನೆಯ ದಿನ ಬೆಳಿಗ್ಗೆ ಕೊರಕಲಿನ ಮೇಲಿನ ರಾಶಿ ಕುಸಿಯಿತು. ಆಗ ಕೆಳಗೆ ಯಾರೂ ಇರಲಿಲ್ಲ, ಆದರೆ ಎರಡು ಸಲಿಕೆ, ಐದು ಬುಟ್ಟಿ ಅಡಿಯಲ್ಲಿ ಹೋದವು. ಅಷ್ಟರಲ್ಲಿ ದಿಬ್ಬಗಳ ಮೇಲೆ ಮೊಣಕಾಲೆತ್ತರ ಹಿಮ ಕೂತಿತ್ತು. ಥರ್ಮಾಮೀಟರ್ ಮೈನಸ್ ಹದಿನೈದರಲ್ಲಿ ನಿಂತಿತು, ನಂತರ ಮೈನಸ್ ಹದಿಮೂರಕ್ಕೆ ಏರಿತು. ಚಳಿ ಐದಲ್ಲ, ಎಂಟು ದಿನ ಇತ್ತು. ನಾಲ್ಕು ಹಸಿರುಮನೆಗಳು ಉಳಿದವು.

ಉಳಿದದ್ದು ಸಾಕಾಗುವಷ್ಟಿರಲಿಲ್ಲ. ನಾಲ್ಕು ಹಸಿರುಮನೆಗಳ ಸೊಪ್ಪನ್ನು ಹನ್ನೊಂದು ಮನೆಗೆ ಹಂಚಿದರು. ಬಸುರಿಗೆ, ಮಕ್ಕಳಿಗೆ ಮೊದಲು. ಫೆಬ್ರವರಿ ಕೊನೆಗೆ ಸ್ತೋಬ್ದಾನನ ಹೆಂಡತಿಯ ವಸಡಿನಲ್ಲಿ ರಕ್ತ ಕಂಡಿತು. ನೋರ್ಝೋಮ್‌ಳ ಒಂದು ಬೆರಳಿನ ತುದಿಯನ್ನು ದಾದಿ ಕತ್ತರಿಸಿ ತೆಗೆಯಬೇಕಾಯಿತು. ದೆಹಲಿಯ ಸಮಿತಿ ಸೇರಿದ್ದು ಎಲ್ಲ ಮುಗಿದ ಮೇಲೆ. ಫಕ್ಕೀರೇಶನನ್ನು ಕೆಲಸದಿಂದ ತೆಗೆದರು. ಆದರೆ ಅವನು ಬರೆದಿಟ್ಟ ವರದಿಯಿಂದಾಗಿ ಇನ್ನೂ ಎಂಟು ಊರುಗಳ ಲೆಕ್ಕ ತಪ್ಪಿರುವುದು ಗೊತ್ತಾಗಿ, ಆ ಊರಿನವರಿಗೆ ಸಮಯಕ್ಕೆ ಸರಿಯಾಗಿ ಸುದ್ದಿ ಮುಟ್ಟಿತು. ಬೀಗದ ಸಂಖ್ಯೆಗಳನ್ನು ಊರಿನವರಿಗೇ ಕೊಡಲು ಮೆಹ್ರೋತ್ರಾ ಒಪ್ಪಿದರು.

ಏಪ್ರಿಲ್‌ನಲ್ಲಿ ದಾರಿ ತೆರೆದ ಮೂರನೆಯ ದಿನ ಫಕ್ಕೀರೇಶ ತಾಂಗ್‌ಮಾಕ್ಕೆ ಬಂದ. ನೀಲಗಂಗಾ ಕಾರ್ಗಿಲ್‌ನಲ್ಲಿ ಸಾಮಾನು ಕಟ್ಟುತ್ತಿದ್ದಳು. ಊರಿಗೆ ಹೋಗುವ ಮೊದಲು ಅಲ್ಲಿಗೆ ಹೋಗಿ ಬನ್ನಿ ಎಂದು ಅವಳೇ ಕಳಿಸಿದ್ದಳು. ನೋರ್ಝೋಮ್ ಅವನನ್ನು ಸ್ಪಲ್ಝೆಸ್ ಅಜ್ಜಿಯ ಅಡುಗೆಮನೆಗೆ ಕರೆದೊಯ್ದಳು. ಅವನು ಬೂಟು ಬಿಚ್ಚಿ, ಬಾಗಿಲ ಹತ್ತಿರವೇ ನೆಲದ ಮೇಲೆ ಕೂತ.

"ನಾ ಹೇಳೂದನ್ನ ಅಜ್ಜಿಗಿ ಹಾಂಗ ತಿಳಸ್ರಿ ಅಕ್ಕಾರ. ಮಿದು ಮಾಡಬ್ಯಾಡ್ರಿ."

ಅವನು ಕನ್ನಡದಲ್ಲಿ ಹೇಳಿದ, ನೋರ್ಝೋಮ್ ಲದಾಖಿಯಲ್ಲಿ ಹೇಳಿದಳು. ಮುರಿದ ಮಾಪಕ, ನವೆಂಬರ್‌ನ ಆ ಸಂಜೆ, ನೋಡದೆ ಬರೆದ ಅಂಕಿ. ಅಜ್ಜಿ ಒಲೆಗೆ ಸಗಣಿಯ ಬೆರಣಿ ಹಾಕುತ್ತ ಕೇಳಿದಳು.

"ನಮ್ಮನ್ನು ಒಂದು ಸಲ ಫೋನ್ ಮಾಡಿ ಕೇಳಿದ್ದರೆ ಆಗುತ್ತಿತ್ತು," ಎಂದಳು ಕೊನೆಗೆ.

ನೋರ್ಝೋಮ್ ಅದನ್ನು ಕನ್ನಡದಲ್ಲಿ ಹೇಳಿದಾಗ "ಹೌದು," ಎಂದ ಫಕ್ಕೀರೇಶ. ಆ ಒಂದು ಮಾತಿಗೆ ಅವಳು ಅನುವಾದ ಮಾಡಬೇಕಾಗಲಿಲ್ಲ.

ಅಜ್ಜಿ ಒಳಕೋಣೆಗೆ ಹೋದಳು. ಅಲ್ಲಿ ಕುನ್‌ಝೆಸ್ ಮಲಗಿದ್ದಳು. ಹೆರಿಗೆಯಲ್ಲಿ ಬಹಳ ರಕ್ತ ಹೋಗಿ, ಒಂದು ತಿಂಗಳಾದರೂ ಎದ್ದು ನಾಲ್ಕು ಹೆಜ್ಜೆ ನಡೆಯಲು ಆಗುತ್ತಿರಲಿಲ್ಲ. ಆದರೂ ಬದುಕಿದ್ದಳು. ಅಜ್ಜಿ ಉಣ್ಣೆಯಲ್ಲಿ ಸುತ್ತಿದ ಮಗುವನ್ನು ತಂದು, ಫಕ್ಕೀರೇಶನ ಎರಡೂ ಕೈಗಳಲ್ಲಿ ಇಟ್ಟಳು.

ಅದು ತೀರ ಹಗುರವಾಗಿತ್ತು. ಬಟ್ಟೆಯ ಭಾರವೇ ಹೆಚ್ಚೇನೋ ಎನ್ನಿಸಿ ಅವನು ಗಾಬರಿಯಾಗಿ ನೋರ್ಝೋಮ್ ಕಡೆ ನೋಡಿದ. ಅಷ್ಟರಲ್ಲಿ ಮಗು ಕಣ್ಣು ಬಿಡದೆಯೇ ಬಾಯಿ ತೆರೆದು ಅಳತೊಡಗಿತು. ಆ ಸಣ್ಣ ದೇಹದಿಂದ ಅಂಥ ದನಿ ಬರುತ್ತದೆಂದು ಅವನು ಎಣಿಸಿರಲಿಲ್ಲ. ತಿರುಗಿ ಕೊಡಲು ಕೈ ಚಾಚಿದ. ಅಜ್ಜಿ ತೆಗೆದುಕೊಳ್ಳಲಿಲ್ಲ.

"ಎತ್ತಿಕೊಂಡು ಓಡಾಡಲಿ," ಎಂದಳು ನೋರ್ಝೋಮ್‌ಗೆ. "ನಾನು ಚಹಾ ಮಾಡುತ್ತೇನೆ. ಸುಮ್ಮನಾಗೋವರೆಗೂ ಓಡಾಡಬೇಕು ಅಂತ ಹೇಳು."

ಫಕ್ಕೀರೇಶ ಎದ್ದ. ಮಗುವನ್ನು ಎದೆಗೊತ್ತಿಕೊಂಡು ಅಡುಗೆಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆಯತೊಡಗಿದ.